ಹಂಡೆಯ ನೀರು, ಅವ್ವನ ಕೈ

ನೀರು ತುಂಬುವ ಹಬ್ಬದ ಸಂಜೆ ಅವ್ವ ಹಂಡೆ ಬೆಳಗಿ, ಕತ್ತಿಗೆ ಬಳ್ಳಿ ಸುತ್ತಿ, ಸುಣ್ಣದ ಪಟ್ಟೆ ಬಳಿಯುತ್ತಿದ್ದಳು. ಮರುದಿನ ನಸುಕಿಗೇ ಎಣ್ಣೆಸ್ನಾನ. ನೆತ್ತಿಗೆ ಸೀಗೇಪುಡಿ ತಿಕ್ಕಿ, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ಎರೆಯುವುದು ನಮ್ಮ ಯಳಂದೂರು ಸೀಮೆಯ ವಾಡಿಕೆ. ಒಂಬತ್ತರ ವಯಸ್ಸಿನಲ್ಲಿ ನಾನು ಮೊದಲ ಸಲ ಮೂರ್ಛೆ ಹೋದದ್ದು ಹಾಗೆ ಎರೆಸಿಕೊಳ್ಳುತ್ತಿದ್ದಾಗಲೇ. ಅಜ್ಜಿ ಅಂಗೈಗೆ ಕಬ್ಬಿಣದ ಬೀಗದ ಕೈ ತುರುಕಿದಳು. ಬಚ್ಚಲಲ್ಲಿ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು. ಹೆಣ್ಣುಮಗು, ಮದುವೆಗೆ ಅಡ್ಡಿಯಾದೀತೆಂದು ಸುದ್ದಿ ಮುಚ್ಚಿಟ್ಟರು. ಆ ಭಯ ಸುಳ್ಳಲ್ಲ: ಹಿಂದೂ ವಿವಾಹ ಕಾಯ್ದೆಯ ಅಡ್ಡಿಗಳ ಸಾಲಿನಿಂದ ಅಪಸ್ಮಾರವನ್ನು ತೆಗೆದುಹಾಕಿದ್ದು 1999ರಲ್ಲಿ.

ಇಂಥ ಬಿಸಿನೀರಿನ ಮೂರ್ಛೆ ವೈದ್ಯರ ಬರಹದಲ್ಲಿ ಮೊದಲು ಕಂಡದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ಬೇರೆಡೆ ಅಪರೂಪವಾದ ಅದು ನಮ್ಮಲ್ಲಿ ಅಷ್ಟೇನೂ ಅಪರೂಪವಲ್ಲವೆಂದು ಗುರುತಿಸಿದವರು ಬೆಂಗಳೂರಿನ ನರರೋಗತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಜೊತೆಗಾರರು 279 ಮಂದಿಯ ವಿವರ ಪ್ರಕಟಿಸಿದರು. ಡಾ. ಮಣಿ ಮುಂದೆ ನಮ್ಮ ಯಳಂದೂರಿನ ಹಳ್ಳಿಗಳಲ್ಲೇ ಮೂರ್ಛೆರೋಗದ ಸಮೀಕ್ಷೆ, ಚಿಕಿತ್ಸೆ ನಡೆಸಿದರು. ಇವರೆಲ್ಲರ ಕೆಲಸದಿಂದ ತಿಳಿದದ್ದಿಷ್ಟು: ಸುಮಾರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಒಂದೇ ಸಮನೆ ನೆತ್ತಿಯ ಮೇಲೆ ಬಿದ್ದರೆ ಕೆಲವರ ಮಿದುಳು ಅದನ್ನು ತಾಳದು.

ಮುನ್ಸೂಚನೆ ನನಗೆ ಚೆನ್ನಾಗಿ ಗೊತ್ತು. ನೀರಿನ ಸದ್ದು ದೂರ ಸರಿಯುತ್ತದೆ, ಕಣ್ಣು ಒಂದೆಡೆ ನೆಡುತ್ತದೆ, ಏನೋ ಹಿತವೆನಿಸಿ ಇನ್ನೊಂದು ಚೊಂಬು ಸುರಿದುಕೊಳ್ಳುವ ಆಸೆಯಾಗುತ್ತದೆ. ಈ ಆಸೆಯೇ ಅಪಾಯ. ಕೆಲವರು ಪ್ರಜ್ಞೆ ಮಸುಕಾಗುತ್ತಿದ್ದರೂ ಸುರಿದುಕೊಳ್ಳುತ್ತಲೇ ಇರುತ್ತಾರೆಂದು ವೈದ್ಯರೂ ದಾಖಲಿಸಿದ್ದಾರೆ. ಈಗ ಉಗುರುಬೆಚ್ಚಗಿನ ನೀರಲ್ಲಷ್ಟೇ ತಲೆ ತೊಳೆಯುತ್ತೇನೆ; ಬಚ್ಚಲಿನ ಚಿಲಕ ಹಾಕುವುದಿಲ್ಲ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ವೈದ್ಯರು ಬರೆದುಕೊಟ್ಟ ಕ್ಲೋಬಜಾಮ್ ಮಾತ್ರೆ.

ನಿಜ ತಿಳಿದ ದಿನ ಅವ್ವ ಅತ್ತಳು. "ನಾನೇ ಹುಯ್ದು ನಿನ್ನ ಬೀಳಿಸ್ದಂಗಾಯ್ತಲ್ಲ ಮಗಾ." ಇಲ್ಲವ್ವ, ನಿನ್ನ ಕೈಯದಲ್ಲ, ಬಿಸಿಯದು ಎಂದೆ. ಮುಂದಿನ ಹಬ್ಬಕ್ಕೂ ಹಂಡೆಗೆ ಬಳ್ಳಿ ಸುತ್ತಿದಳು. ನೀರಿಗೆ ಮೊಣಕೈ ಅದ್ದಿ ನೋಡಿ, ಎರಡು ಚೊಂಬು ತಣ್ಣೀರು ಬೆರೆಸಿ, ಮತ್ತೊಮ್ಮೆ ಅದ್ದಿ ನೋಡಿ, ಆಮೇಲೆ ನನ್ನ ಕರೆದಳು.