ದುಡಿಮೆಯ ಬದುಕು ಮತ್ತು ಇಳಿವಯಸ್ಸಿನ ಮರೆವು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಸಹಜ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆದರೆ ವೈದ್ಯವಿಜ್ಞಾನ ಇದನ್ನು ಒಪ್ಪುವುದಿಲ್ಲ. ಡಿಮೆನ್ಷಿಯಾ ಅಥವಾ ಮರೆಗುಳಿ ಕಾಯಿಲೆ ವಯಸ್ಸಿನ ಸಹಜ ಲಕ್ಷಣವಲ್ಲ. ಅದು ಮಿದುಳಿನ ರೋಗಗಳಿಂದ ಉಂಟಾಗುವ ಸ್ಥಿತಿ. ಈ ರೋಗದ ಬೀಜ ಮೊಳೆಯುವುದು ನಡುವಯಸ್ಸಿನಲ್ಲಿ, ಅಂದರೆ ಮನುಷ್ಯ ದುಡಿಮೆಯಲ್ಲಿ ತೊಡಗಿರುವ ಕಾಲದಲ್ಲಿ. ಹೀಗಾಗಿ ವ್ಯಕ್ತಿಯ ಉದ್ಯೋಗಕ್ಕೂ ಅವನ ಮುಪ್ಪಿನ ನೆನಪಿಗೂ ನಂಟಿದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರು ಹಲವು ವರ್ಷಗಳಿಂದ ಕೆದಕುತ್ತ ಬಂದಿದ್ದಾರೆ.

ಏನಿದು ಕಾಯಿಲೆ?

ನೆನಪು, ಆಲೋಚನೆ, ಮಾತು ಹಾಗೂ ದಿನನಿತ್ಯದ ಕೆಲಸ ಮಾಡುವ ಶಕ್ತಿ ಕ್ರಮೇಣ ಕುಂದುವ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. ಇದಕ್ಕೆ ಅತಿ ಸಾಮಾನ್ಯ ಕಾರಣ ಅಲ್ಝೈಮರ್ ಕಾಯಿಲೆ. ಮಿದುಳಿನ ರಕ್ತನಾಳಗಳ ತೊಂದರೆಯಿಂದಲೂ ಇದು ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರು ಡಿಮೆನ್ಷಿಯಾದಿಂದ ಬಳಲುತ್ತಿದ್ದರು. ಪ್ರತಿ ವರ್ಷ ಸುಮಾರು ಒಂದು ಕೋಟಿ ಹೊಸ ರೋಗಿಗಳು ಈ ಪಟ್ಟಿಗೆ ಸೇರುತ್ತಿದ್ದಾರೆ.

ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ ತಜ್ಞರ ಆಯೋಗ 2024ರ ವರದಿಯಲ್ಲಿ 14 ಅಪಾಯಕಾರಿ ಅಂಶಗಳನ್ನು ಗುರುತಿಸಿದೆ. ಇವೆಲ್ಲವನ್ನೂ ನಿವಾರಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಆಯೋಗದ ಅಂದಾಜು. ಕಡಿಮೆ ಶಿಕ್ಷಣ, ಕಿವುಡುತನ, ತಲೆಗೆ ಪೆಟ್ಟು, ವಾಯುಮಾಲಿನ್ಯ, ಒಂಟಿತನ, ರಕ್ತದೊತ್ತಡ, ಮಧುಮೇಹ ಈ ಪಟ್ಟಿಯಲ್ಲಿವೆ. ಇವುಗಳಲ್ಲಿ ಹಲವು ಕೆಲಸದ ಸ್ಥಳದೊಂದಿಗೆ ನೇರವಾಗಿ ಅಥವಾ ಪರೋಕ್ಷವಾಗಿ ಸಂಬಂಧ ಹೊಂದಿವೆ.

ಮಿದುಳಿನ ಮೀಸಲು ನಿಧಿ

ಮರಣೋತ್ತರ ಪರೀಕ್ಷೆಯಲ್ಲಿ ಕೆಲವರ ಮಿದುಳಿನಲ್ಲಿ ಅಲ್ಝೈಮರ್ ಕಾಯಿಲೆಯ ಗುರುತುಗಳು ಧಾರಾಳವಾಗಿ ಕಂಡರೂ, ಬದುಕಿದ್ದಾಗ ಅವರಿಗೆ ಮರೆವಿನ ಲಕ್ಷಣಗಳಿರಲಿಲ್ಲ. ಈ ಒಗಟಿಗೆ ಉತ್ತರವಾಗಿ ಹುಟ್ಟಿದ್ದೇ ‘ಬೌದ್ಧಿಕ ಮೀಸಲು’ ಎಂಬ ಪರಿಕಲ್ಪನೆ. ಓದು, ಸವಾಲಿನ ಕೆಲಸ, ಜನರ ಒಡನಾಟಗಳಿಂದ ಮಿದುಳಿನ ನರಕೋಶಗಳ ಜಾಲ ಬಲಗೊಳ್ಳುತ್ತದೆ. ರೋಗ ಒಂದು ದಾರಿಯನ್ನು ಮುಚ್ಚಿದರೆ ಮಿದುಳು ಬಳಸುದಾರಿ ಹಿಡಿಯುತ್ತದೆ. ರೋಗ ಬರುವುದೇ ಇಲ್ಲವೆಂದಲ್ಲ. ಲಕ್ಷಣಗಳು ಗೋಚರಿಸುವುದು ತಡವಾಗುತ್ತದೆ.

ತಲೆಗೆ ಕೆಲಸ, ತಡವಾದ ರೋಗ

ಈ ದಿಸೆಯಲ್ಲಿ ದೊಡ್ಡ ಅಧ್ಯಯನವೊಂದು 2021ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಮಿಕಾ ಕಿವಿಮಾಕಿ ನೇತೃತ್ವದ ತಂಡ ಯುರೋಪ್ ಮತ್ತು ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ನೌಕರರ ಮಾಹಿತಿಯನ್ನು ಸರಾಸರಿ 16.7 ವರ್ಷ ಹಿಂಬಾಲಿಸಿತು. ಸವಾಲಿನ ಕೆಲಸ ಹಾಗೂ ಸ್ವಂತ ನಿರ್ಧಾರಕ್ಕೆ ಅವಕಾಶ ಇದ್ದವರಲ್ಲಿ ವರ್ಷಕ್ಕೆ 10,000 ಮಂದಿಗೆ 4.8ರಂತೆ ಡಿಮೆನ್ಷಿಯಾ ಕಾಣಿಸಿಕೊಂಡರೆ, ಇವೆರಡೂ ಇಲ್ಲದವರಲ್ಲಿ ಅದು 7.3 ಆಗಿತ್ತು. ಶಿಕ್ಷಣದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಅಳಿಯಲಿಲ್ಲ. ನರಕೋಶಗಳ ನಡುವೆ ಹೊಸ ಸಂಪರ್ಕ ಬೆಳೆಯದಂತೆ ತಡೆಯಬಲ್ಲ ಮೂರು ಪ್ರೋಟೀನ್‌ಗಳ ಪ್ರಮಾಣ ಮೊದಲ ಗುಂಪಿನವರ ರಕ್ತದಲ್ಲಿ ಕಡಿಮೆ ಇದ್ದುದೂ ಕಂಡುಬಂದಿತು.

ನಾರ್ವೆಯಲ್ಲಿ ಸುಮಾರು 7,000 ಜನರನ್ನು ಕುರಿತು ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶವೂ ಇದೇ ಬಗೆಯದು. ಒಂದೇ ಕೆಲಸವನ್ನು ಯಾಂತ್ರಿಕವಾಗಿ ಮಾಡುತ್ತ ಬಂದವರಲ್ಲಿ ಶೇ 42ರಷ್ಟು ಮಂದಿಗೆ 70 ವರ್ಷದ ನಂತರ ಸೌಮ್ಯ ಸ್ವರೂಪದ ಬೌದ್ಧಿಕ ಕುಂದು ಕಾಣಿಸಿಕೊಂಡಿತ್ತು. ತಲೆಗೆ ಹೆಚ್ಚು ಕೆಲಸ ಕೊಡುವ ಉದ್ಯೋಗಿಗಳಲ್ಲಿ ಈ ಪ್ರಮಾಣ ಶೇ 27.

ಟ್ಯಾಕ್ಸಿ ಚಾಲಕರ ಮಿದುಳು

ಬುದ್ಧಿಗೆ ಕಸರತ್ತು ಎಂದರೆ ಮೇಜು, ಕುರ್ಚಿಯ ಕೆಲಸ ಮಾತ್ರವೇ? ಇಲ್ಲ ಎನ್ನುತ್ತದೆ ಟ್ಯಾಕ್ಸಿ ಚಾಲಕರ ಉದಾಹರಣೆ. ಲಂಡನ್‌ನಲ್ಲಿ ಪರವಾನಗಿ ಪಡೆಯಲು ಚಾಲಕರು ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಇವರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರಿಗಿಂತ ದೊಡ್ಡದಾಗಿರುವುದನ್ನು ಎಲೀನರ್ ಮ್ಯಾಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು.

ಅಮೆರಿಕದಲ್ಲಿ 443 ವೃತ್ತಿಗಳಿಗೆ ಸೇರಿದ ಸುಮಾರು 90 ಲಕ್ಷ ಮಂದಿಯ ಮರಣಪತ್ರಗಳನ್ನು ಪರಿಶೀಲಿಸಿದ ಅಧ್ಯಯನ 2024ರ ಡಿಸೆಂಬರ್‌ನಲ್ಲಿ ಹೊರಬಂದಿತು. ಒಟ್ಟು ಸಾವುಗಳಲ್ಲಿ ಅಲ್ಝೈಮರ್‌ನ ಪಾಲು ಶೇ 3.88 ಇದ್ದರೆ, ಟ್ಯಾಕ್ಸಿ ಚಾಲಕರಲ್ಲಿ ಶೇ 1.03, ಆಂಬುಲೆನ್ಸ್ ಚಾಲಕರಲ್ಲಿ ಶೇ 0.74 ಮಾತ್ರ ಇತ್ತು. ನಿಗದಿತ ದಾರಿಯಲ್ಲಿ ಸಾಗುವ ಬಸ್ ಚಾಲಕರಲ್ಲಿ ಇದು ಶೇ 3.11. ಆದರೆ ದಾರಿ ಗುರುತಿಸುವ ಚಾಕಚಕ್ಯತೆ ಹುಟ್ಟಿನಿಂದಲೇ ಇರುವವರು ಈ ವೃತ್ತಿಗೆ ಬಂದಿರುವ ಸಾಧ್ಯತೆಯೂ ಇದೆ. ಆದ್ದರಿಂದ ಇದನ್ನು ಕಾರ್ಯಕಾರಣ ಸಂಬಂಧಕ್ಕೆ ಪುರಾವೆಯೆಂದು ಭಾವಿಸಲಾಗದು.

ಕೆಲಸವೇ ಕಂಟಕವಾದಾಗ

ದುಡಿಮೆಯಿಂದ ಮಿದುಳಿಗೆ ಹಾನಿಯೂ ಉಂಟು. ಸ್ಕಾಟ್ಲೆಂಡ್‌ನ 7,676 ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಕುರಿತ 2019ರ ಅಧ್ಯಯನದ ಪ್ರಕಾರ, ನರಕೋಶ ನಶಿಸುವ ಕಾಯಿಲೆಗಳಿಂದ ಅವರು ಸಾಯುವ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ಚೆಂಡನ್ನು ತಲೆಯಿಂದ ಹೊಡೆಯುವುದರ ಮೇಲೆ ಶಂಕೆ ಮೂಡಲು ಇದು ಕಾರಣವಾಯಿತು.

ಕಾರ್ಖಾನೆಯ ಅಬ್ಬರ ಕಿವಿಯನ್ನು ಕೆಡಿಸುತ್ತದೆ. ಕೇಳಿಸದ ವ್ಯಕ್ತಿ ಮಾತುಕತೆಯಿಂದ ದೂರ ಸರಿಯುತ್ತಾನೆ; ಮಿದುಳಿಗೆ ದೊರೆಯುವ ಚೇತನವೂ ಕುಗ್ಗುತ್ತದೆ. ಹೊಗೆ, ದೂಳಿನ ನಡುವೆ ದುಡಿಯುವವರಿಗೆ ವಾಯುಮಾಲಿನ್ಯದ ಅಪಾಯ ಹೆಚ್ಚು. ನಿದ್ರೆಯ ವಿಷಯವೂ ಗಮನಾರ್ಹ. 1985ರಲ್ಲಿ ಆರಂಭವಾದ ಲಂಡನ್ ಸರ್ಕಾರಿ ನೌಕರರ ಅಧ್ಯಯನದ ಮಾಹಿತಿಯನ್ನು ವಿಶ್ಲೇಷಿಸಿದ 2021ರ ವರದಿಯೊಂದು, 50ರಿಂದ 70ರ ವಯಸ್ಸಿನವರೆಗೆ ನಿರಂತರವಾಗಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರಿಸಿದವರಲ್ಲಿ ಡಿಮೆನ್ಷಿಯಾ ಅಪಾಯ ಶೇ 30ರಷ್ಟು ಹೆಚ್ಚೆಂದು ತಿಳಿಸಿದೆ.

ನಿವೃತ್ತಿಯ ನಂತರ

ಫ್ರಾನ್ಸ್‌ನಲ್ಲಿ ಅಂಗಡಿ ಮಾಲೀಕರು, ಕುಶಲಕರ್ಮಿಗಳು ಸೇರಿದಂತೆ ನಾಲ್ಕು ಲಕ್ಷಕ್ಕೂ ಹೆಚ್ಚು ಸ್ವಉದ್ಯೋಗಿಗಳ ದಾಖಲೆ ಪರಿಶೀಲಿಸಿದಾಗ, ನಿವೃತ್ತಿಯನ್ನು ಒಂದು ವರ್ಷ ಮುಂದೂಡಿದರೆ ಅಪಾಯ ಶೇ 3ರಷ್ಟು ಇಳಿಯುವುದು ಕಂಡುಬಂದಿತ್ತು. ಆರೋಗ್ಯವಂತರೇ ಹೆಚ್ಚು ಕಾಲ ದುಡಿಯುತ್ತಾರೆ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ. ಲಕ್ಷಣಗಳು ಕಾಣಿಸುವ ಹಲವು ವರ್ಷ ಮೊದಲೇ ರೋಗ ಒಳಗೊಳಗೇ ಬೆಳೆಯುವುದರಿಂದ, ಕೆಲಸ ಬಿಟ್ಟಿದ್ದಕ್ಕೆ ರೋಗ ಬಂತೋ, ರೋಗದ ಆರಂಭದಿಂದಾಗಿ ಕೆಲಸ ಬಿಟ್ಟರೋ ಎಂದು ಬೇರ್ಪಡಿಸುವುದು ಕಷ್ಟ.

ನಮ್ಮ ನಾಡಿನ ಚಿತ್ರ

ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ಅಂದಾಜಿಸಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಬಾಲ್ಯದಲ್ಲೇ ಶಾಲೆ ಬಿಟ್ಟು, ಜೀವನವಿಡೀ ಕೂಲಿ ಅಥವಾ ಸಂಬಳವಿಲ್ಲದ ಮನೆಗೆಲಸದಲ್ಲಿ ಕಳೆದವರ ಮೇಲೆ ಈ ಹೊರೆ ಅಧಿಕವಾಗಿ ಬೀಳುತ್ತಿದೆ ಎಂಬುದನ್ನು ನೀತಿ ರೂಪಿಸುವವರು ಗಮನಿಸಬೇಕಿದೆ.

ಆಶಾದಾಯಕ ಸಂಗತಿಯೊಂದೂ ಇದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದ್‌ನ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಲಾಭ ಕಂಡುಬಂದಿದ್ದು ವಿಶೇಷ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ಮೇಲ್ಪಟ್ಟ 10,000 ಗ್ರಾಮೀಣರನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಕೈಗೊಂಡಿದೆ. ಮಿದುಳಿನ ಆರೋಗ್ಯ ಸೇವೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯಲು ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಯೋಜನೆಯೊಂದನ್ನು ಆರಂಭಿಸಿವೆ.

ಏನು ಮಾಡಬಹುದು?

ಉದ್ಯೋಗ ಬದಲಿಸುವುದು ಎಲ್ಲರ ಕೈಯಲ್ಲಿರುವ ಮಾತಲ್ಲ. ಆದರೆ ಕೆಲಸಗಾರರಿಗೆ ಸರದಿಯ ಮೇಲೆ ಬೇರೆ ಬೇರೆ ಹೊಣೆ ವಹಿಸುವುದು, ಹೊಸ ಕೌಶಲ ಕಲಿಸುವುದು, ಗದ್ದಲದ ಜಾಗದಲ್ಲಿ ಕಿವಿರಕ್ಷಕ ಹಾಗೂ ಅಗತ್ಯವಿದ್ದೆಡೆ ಶಿರಸ್ತ್ರಾಣ ಒದಗಿಸುವುದು ಮಾಲೀಕರಿಗೆ ಸಾಧ್ಯ. ದುಡಿಯುವವರು 40 ದಾಟಿದ ಮೇಲೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಕಣ್ಣು, ಕಿವಿಗಳ ತಪಾಸಣೆ ಮಾಡಿಸಿಕೊಳ್ಳುವುದು, ನಡಿಗೆ, ಓದು, ಸಂಗೀತ, ಭಜನೆ ಅಥವಾ ಸಂಘದ ಚಟುವಟಿಕೆ ರೂಢಿಸಿಕೊಳ್ಳುವುದು ಒಳಿತು.

ಮನೆಯ ಹಿರಿಯರು ಹಣದ ಲೆಕ್ಕ ತಪ್ಪುತ್ತಿದ್ದರೆ, ಪರಿಚಿತ ದಾರಿಯಲ್ಲೇ ದಿಕ್ಕು ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ‘ವಯಸ್ಸಾಯಿತು’ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ ಹಾಗೂ ಖಿನ್ನತೆಯಿಂದಲೂ ಮರೆವು ಬರುವುದುಂಟು. ಅಂತಹ ಮರೆವಿಗೆ ಚಿಕಿತ್ಸೆ ಇದೆ.