ಚಿನ್ನದ ನೆಲ, ಅಂಗೈಯ ಆಣಿ

ಯಾದಗಿರಿ ಜಿಲ್ಲೆಯಲ್ಲೊಂದು ಮಂಗಳೂರು ಇದೆ. ಕಡಲಿಗೂ ಅದಕ್ಕೂ ಸಂಬಂಧವಿಲ್ಲ. ಸುರಪುರ ಸೀಮೆಯ ಈ ಊರಿನ ನಂಟೇನಿದ್ದರೂ ಚಿನ್ನದ ಅದಿರಿನೊಂದಿಗೆ. ಬೇಡ ನಾಯಕರು ಆಳಿದ ಸುರಪುರ 1858ರಲ್ಲಿ ಬ್ರಿಟಿಷರ ಕೈಸೇರಿತು, ಆಮೇಲೆ ಹೈದರಾಬಾದಿನ ನಿಜಾಮನ ಪಾಲಾಯಿತು. ಆಳುವವರು ಬದಲಾದರೂ ಈ ನೆಲದ ಚಿನ್ನದ ಮೇಲಿನ ಕಣ್ಣು ಬದಲಾಗಲಿಲ್ಲ.

ಇಲ್ಲಿನ ಕಲ್ಲಿನಲ್ಲಿ ಚಿನ್ನ ಒಂಟಿಯಾಗಿರುವುದಿಲ್ಲ. ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಆರ್ಸೆನೋಪೈರೈಟ್ ಎಂಬ ಖನಿಜ ಅದರ ಒಡನಾಡಿ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದದ್ದು ಗುಡ್ಡೆಯಾಗಿ ಬೀಳುತ್ತದೆ. ಗಾಳಿ, ಮಳೆ ತಾಗಿದಂತೆ ಅದರೊಳಗಿನ ಆರ್ಸೆನಿಕ್ ಬಿಡುಗಡೆಯಾಗಿ ಮಣ್ಣಿಗೂ ನೀರಿಗೂ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಅದರ ಗುರುತು ಕಂಡದ್ದು ಜನರ ಮೈಮೇಲೆ. ಗಣಿಗೆ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಅಂಗೈ, ಅಂಗಾಲುಗಳಲ್ಲಿ ಗಟ್ಟಿ ಆಣಿಗಳು ಎದ್ದವು. ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದಂಥ ಕಪ್ಪು ಬಿಳಿ ಚುಕ್ಕೆಗಳು ಮೂಡಿದವು. ದೀಪಂಕರ್ ಚಕ್ರಬೊರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಭಾಗದ 59 ಕೊಳವೆಬಾವಿಗಳ ಪೈಕಿ ಶೇ. 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಅತಿ ಹೆಚ್ಚೆಂದರೆ 303; ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಮೂವತ್ತು ಪಟ್ಟು. ತಪಾಸಣೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ವಿಷದ ಗುರುತಿತ್ತು. ದುಡಿದು ತಿನ್ನುವವರ ಅಂಗೈ ಅದು. ಕುಡುಗೋಲು ಹಿಡಿಯಲೂ ನೋವಾದರೆ ಬದುಕೇ ನಿಂತಂತೆ.

ಇಂಥ ಆಣಿ ಕ್ಯಾನ್ಸರ್‌ಗೆ ತಿರುಗಬಹುದೆಂಬ ತಿಳಿವಳಿಕೆ ಹೊಸದಲ್ಲ, ಮತ್ತು ಅದು ಬಂದ ದಾರಿ ವಿಷಾದ ಹುಟ್ಟಿಸುತ್ತದೆ. ಥಾಮಸ್ ಫೌಲರ್ ಎಂಬ ಇಂಗ್ಲಿಷ್ ವೈದ್ಯ 1786ರಲ್ಲಿ ಆರ್ಸೆನಿಕ್ ದ್ರಾವಣವನ್ನೇ ಜ್ವರದ ಮದ್ದಾಗಿ ಪ್ರಚಾರಕ್ಕೆ ತಂದ. ಮುಂದೆ ಸೋರಿಯಾಸಿಸ್‌ಗೂ ಅದನ್ನೇ ಕುಡಿಸಿದರು. ನೂರು ವರ್ಷ ಕಳೆದ ಮೇಲೆ ಜೊನಾಥನ್ ಹಚಿನ್ಸನ್ ಆ ರೋಗಿಗಳ ಅಂಗೈಯ ಆಣಿಗಳಿಗೂ ಕ್ಯಾನ್ಸರ್‌ಗೂ ಇರುವ ಸಂಬಂಧವನ್ನು ಬರೆದಿಟ್ಟರು.

ಪೂರ್ವ-ಕ್ಯಾನ್ಸರ್ ಚರ್ಮಕ್ಕೆ ಹಚ್ಚುವ ಮುಲಾಮು ದೊರೆತದ್ದು ಇನ್ನೂ ತಡವಾಗಿ. ಅಮೆರಿಕದಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್, ರಾಬರ್ಟ್ ದುಷಿನ್‌ಸ್ಕಿ ಮತ್ತು ಜೊತೆಗಾರರು 1957ರಲ್ಲಿ 5-ಫ್ಲೋರೋಯುರಾಸಿಲ್ ಎಂಬ ಮದ್ದನ್ನು ಪ್ರಕಟಿಸಿದರು. ಒಳಗಿನ ಗೆಡ್ಡೆಗೆಂದು ಅದನ್ನು ಚುಚ್ಚುಮದ್ದಾಗಿ ಕೊಟ್ಟಾಗ ಬೇರೊಂದು ಸಂಗತಿ ಕಂಡಿತು: ಬಿಸಿಲಿಗೆ ಕೆಟ್ಟಿದ್ದ ಒರಟು ಚರ್ಮದ ತಾಣಗಳಷ್ಟೇ ಕೆಂಪೇರಿ ಉದುರಿದವು, ಪಕ್ಕದ ಚರ್ಮ ಹಾಗೆಯೇ ಉಳಿಯಿತು. ಅವಸರದಲ್ಲಿ ಒಡೆದು ಹೆಚ್ಚುವ ಜೀವಕೋಶಗಳಿಗೆ ಡಿಎನ್ಎ ಕಟ್ಟಲು ಬೇಕಾದ ಸಾಮಗ್ರಿಯನ್ನೇ ಈ ಮದ್ದು ತಪ್ಪಿಸುತ್ತದೆ. ಹಾಗಾದರೆ ನೇರವಾಗಿ ಮೇಲೆಯೇ ಹಚ್ಚಬಾರದೇಕೆ? 1960ರ ದಶಕದ ಆರಂಭದ ಆ ಪ್ರಶ್ನೆ 1970ರ ಹೊತ್ತಿಗೆ ಅಮೆರಿಕದಲ್ಲಿ ಅನುಮತಿ ಪಡೆದ ಕ್ರೀಮಾಯಿತು.

ಹಚ್ಚಿದರೆ ಮೊದಲು ಉರಿ, ಕೆಂಪು, ಹುಣ್ಣು. ವಾರಗಳ ನಂತರ ಹೊಸ ಚರ್ಮ. ಮುಖದ ಮೇಲೆ ಚೆನ್ನಾಗಿ ಫಲಿಸುವ ಈ ಮದ್ದು ಅಂಗೈಯ ದಪ್ಪ ಪದರದಲ್ಲಿ ಸುಲಭಕ್ಕೆ ಇಳಿಯದು. ಅದಕ್ಕೇ ಸ್ಯಾಲಿಸಿಲಿಕ್ ಆಮ್ಲದ ಮುಲಾಮಿನಿಂದ ಆಣಿಯನ್ನು ಮೊದಲು ಮೆತ್ತಗಾಗಿಸುವುದುಂಟು. ಅನುಮಾನ ಬಂದ ಗಂಟನ್ನು ಬಯಾಪ್ಸಿ ಮಾಡದೆ ಬರೀ ಕ್ರೀಮು ಹಚ್ಚಿ ಸುಮ್ಮನಿರುವುದು ಅಪಾಯ. ಕುಡಿಯುವ ನೀರು ಬದಲಾಗದೆ ಹಚ್ಚಿದ ಮದ್ದು ಎಷ್ಟು ದಿನ ಆಸರೆಯಾದೀತು? ಬದಲಾದರೂ ಪರೀಕ್ಷೆ ನಿಲ್ಲಿಸುವಂತಿಲ್ಲ. ಆರ್ಸೆನಿಕ್ ತಂದ ಚರ್ಮದ ಕ್ಯಾನ್ಸರ್ ದಶಕಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಬಾಲ್ಯದಲ್ಲಿ ಆ ಬಾವಿಗಳ ನೀರು ಕುಡಿದು ಬೆಳೆದವರ ಅಂಗೈಗಳನ್ನು, ಅವರು ದುಡಿಯಲು ಯಾವ ಊರಿಗೆ ಹೋಗಿದ್ದರೂ, ವೈದ್ಯರು ಆಗಾಗ ನೋಡುತ್ತಿರಬೇಕು.