ಪರದೆಯ ವೀರ, ಪೆಟ್ಟಿಗೆಯ ಗೊಂಬೆ

1977ರ ಕ್ರಿಸ್‌ಮಸ್ ಸಮಯ. ಅಮೆರಿಕದ ಆಟಿಕೆ ಅಂಗಡಿಗಳಲ್ಲಿ ವಿಚಿತ್ರವಾದ ಸರಕೊಂದು ಮಾರಾಟಕ್ಕೆ ಬಂತು. ಅದು ಚಪ್ಪಟೆಯಾದ ದೊಡ್ಡ ರಟ್ಟಿನ ಲಕೋಟೆ. ಒಳಗೆ ಒಂದಷ್ಟು ಸ್ಟಿಕ್ಕರ್, ಗೊಂಬೆಗಳನ್ನು ನಿಲ್ಲಿಸಲು ಬಣ್ಣದ ಚಿತ್ರವಿದ್ದ ರಟ್ಟಿನ ಹಲಗೆ, ಸಂಘದ ಸದಸ್ಯತ್ವದ ಚೀಟಿ ಮತ್ತು ಒಂದು ಪ್ರಮಾಣಪತ್ರ. ಗೊಂಬೆ ಮಾತ್ರ ಇಲ್ಲ! ಪ್ರಮಾಣಪತ್ರವನ್ನು ತುಂಬಿ ಅಂಚೆಗೆ ಹಾಕಿದರೆ, ಮುಂದಿನ ವರ್ಷ ನಾಲ್ಕು ಗೊಂಬೆಗಳು ಮನೆಗೆ ಬರುತ್ತವೆ ಎಂಬ ಭರವಸೆಯನ್ನು ಕಂಪನಿ ಕೊಟ್ಟಿತ್ತು. ಹಬ್ಬದ ಬೆಳಿಗ್ಗೆ ಉಡುಗೊರೆ ಬಿಚ್ಚಿದ ಮಕ್ಕಳ ಕೈಗೆ ಸಿಕ್ಕಿದ್ದು ಬರೀ ಕಾಗದ.

ಆ ವರ್ಷದ ಮೇ 25ರಂದು ತೆರೆ ಕಂಡ ಜಾರ್ಜ್ ಲ್ಯೂಕಾಸ್ ಅವರ 'ಸ್ಟಾರ್ ವಾರ್ಸ್' ಚಿತ್ರ ಅಷ್ಟೊಂದು ಜನಪ್ರಿಯವಾದೀತೆಂದು ಯಾರೂ ಎಣಿಸಿರಲಿಲ್ಲ. ಆಗಿನ ಪ್ರಸಿದ್ಧ ಆಟಿಕೆ ಕಂಪನಿ ಮೆಗೊ, ಈ ಚಿತ್ರದ ಗೊಂಬೆಗಳನ್ನು ಮಾಡುವ ಅವಕಾಶ ಬಂದರೂ ಬೇಡವೆಂದಿತ್ತು. ಕೊನೆಗೆ ಪರವಾನಗಿ ಪಡೆದದ್ದು ಸಿನ್ಸಿನಾಟಿ ನಗರದ ಕೆನ್ನರ್. ಆದರೆ ಗೊಂಬೆಯ ಮಾದರಿ ಕೆತ್ತಿ, ಉಕ್ಕಿನ ಅಚ್ಚು ಮಾಡಿಸಿ, ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಎರೆದು ಬಣ್ಣ ಬಳಿಸಿ ಅಂಗಡಿಗೆ ತಲುಪಿಸಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹೀಗಾಗಿ ಗೊಂಬೆಯ ಬದಲಿಗೆ ಗೊಂಬೆಯ ಭರವಸೆಯನ್ನೇ ಮಾರುವ ಉಪಾಯವನ್ನು ಕೆನ್ನರ್ ಹೂಡಿತು.

ಸಿನಿಮಾ ಗೊಂಬೆಗಳ ದೊಡ್ಡ ಉದ್ಯಮ ಶುರುವಾದದ್ದು ಹೀಗೆ, ಒಂದು ನಿರಾಸೆಯಿಂದ. ಅಲ್ಲಿಂದೀಚೆಗೆ ಈ ಉದ್ಯಮದ ಚರಿತ್ರೆಯ ಉದ್ದಕ್ಕೂ ಅಭಿಮಾನಿಗಳ ಅಸಮಾಧಾನ ಹಾಸುಹೊಕ್ಕಾಗಿದೆ. ಮುಖ ಹೋಲುವುದಿಲ್ಲ, ಬಣ್ಣ ಸರಿಯಿಲ್ಲ, ಉಡುಪು ಬೇರೆ, ಬೇಕಾದ ಪಾತ್ರವೇ ಇಲ್ಲ ಎಂಬ ದೂರುಗಳು ಮೇಲ್ನೋಟಕ್ಕೆ ಮಕ್ಕಳ ಹಟದಂತೆ ಕಾಣಬಹುದು. ಆದರೆ ಅವುಗಳ ಹಿಂದೆ ಹಣದ ಲೆಕ್ಕ, ಮಕ್ಕಳ ಪ್ರಾಣ, ಗಂಡು-ಹೆಣ್ಣೆಂಬ ಭೇದ ಎಲ್ಲವೂ ಇವೆ.

'ಗೊಂಬೆ' ಎನ್ನಬಾರದು!

ಕನ್ನಡದಲ್ಲಿ ಗೊಂಬೆ ಎಂದರೆ ಎಲ್ಲವೂ ಗೊಂಬೆಯೇ. ಅಮೆರಿಕದ ಮಾರುಕಟ್ಟೆಯಲ್ಲಿ ಹಾಗಲ್ಲ. 1964ರಲ್ಲಿ ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ಎಂಬ 12 ಅಂಗುಲದ ಸೈನಿಕನನ್ನು ತಂದಾಗ, ಅದನ್ನು ಬಟ್ಟೆ ತೊಡಿಸುವ ಗೊಂಬೆ ಎಂದು ಕರೆದರೆ ಗಂಡುಹುಡುಗರು ಮುಟ್ಟುವುದಿಲ್ಲ ಎಂಬ ಅಳುಕಿತ್ತು. ಅದಕ್ಕಾಗಿ 'ಆ್ಯಕ್ಷನ್ ಫಿಗರ್' ಎಂಬ ಹೊಸ ಹೆಸರು ಹುಟ್ಟಿತು.

ಈ ಹೆಸರಿನ ಜಗಳ ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅಮೆರಿಕಕ್ಕೆ ಆಮದಾಗುವ ಮನುಷ್ಯರೂಪದ ಗೊಂಬೆಗಳ ಮೇಲಿನ ಸುಂಕ ಇತರ ಆಟಿಕೆಗಳ ಸುಂಕಕ್ಕಿಂತ ಹೆಚ್ಚಾಗಿತ್ತು. 'ಎಕ್ಸ್-ಮೆನ್' ಪಾತ್ರಗಳು ಮನುಷ್ಯರಲ್ಲ, ಆದ್ದರಿಂದ ಕಡಿಮೆ ಸುಂಕ ಸಾಕು ಎಂದು ಟಾಯ್ ಬಿಜ್ ಕಂಪನಿ ವಾದಿಸಿತು. 2003ರಲ್ಲಿ ನ್ಯೂಯಾರ್ಕಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಆ ವಾದವನ್ನು ಒಪ್ಪಿತು. ಕಂಪನಿಗೆ ಗೆಲುವಾಯಿತು, ಆದರೆ ಅಭಿಮಾನಿಗಳಿಗೆ ಪೆಟ್ಟು ಬಿತ್ತು. 'ನಾವೂ ಮನುಷ್ಯರೇ' ಎಂದು ಹೋರಾಡುವವರ ಕಥೆ ಎಕ್ಸ್-ಮೆನ್. ಆ ಪಾತ್ರಗಳು ಮನುಷ್ಯರಲ್ಲವೆಂದು ಅವರ ಗೊಂಬೆ ಮಾಡುವವರೇ ಸಾಧಿಸಿ ತೋರಿಸಿದ್ದರು!

ಕೆನ್ನರ್ ಆರಿಸಿಕೊಂಡ ಎತ್ತರ ಮೂರೂ ಮುಕ್ಕಾಲು ಅಂಗುಲ. ಗೊಂಬೆ ಚಿಕ್ಕದಾದರೆ ಬೆಲೆ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಅದು ಕೂರಬಲ್ಲ ಆಕಾಶನೌಕೆಯನ್ನೂ ಮಾಡಿ ಮಾರಬಹುದು. ಕುತ್ತಿಗೆ, ಎರಡು ಭುಜ, ಎರಡು ಸೊಂಟ, ಹೀಗೆ ಐದೇ ಕಡೆ ಚಲನೆ. ಬಟಾಣಿ ಕಾಳಿಗಿಂತ ತುಸು ದೊಡ್ಡದಾದ ತಲೆಯಲ್ಲಿ ನಟರ ಹೋಲಿಕೆ ಹುಡುಕುವುದು ಕಷ್ಟವೇ ಆಗಿತ್ತು. ಆದರೂ 1978ರೊಂದರಲ್ಲೇ ಕೋಟಿಗಟ್ಟಲೆ ಗೊಂಬೆಗಳು ಖರ್ಚಾದವು.

ಇದಕ್ಕೆ ಕಾರಣವಿದೆ. ಆಗ ಮನೆಮನೆಗೆ ವಿಡಿಯೊ ಬಂದಿರಲಿಲ್ಲ. ಚಿತ್ರಮಂದಿರದಿಂದ ಹೊರಬಂದ ಮಗುವಿಗೆ ಆ ಕಥೆಯನ್ನು ಮತ್ತೆ ಕಾಣಲು ಇದ್ದ ದಾರಿ ಈ ಗೊಂಬೆ. ಮುಖ ಹೋಲದಿದ್ದರೆ ಮಗುವಿನ ನೆನಪೇ ಆ ಕೊರತೆಯನ್ನು ತುಂಬುತ್ತಿತ್ತು.

ತಪ್ಪು ಮತ್ತು ತಿದ್ದುಪಡಿ

ಹಾಗೆಂದು ಎಲ್ಲ ಲೋಪಗಳೂ ನಡೆದುಹೋಗಲಿಲ್ಲ. ಮೊದಲ 12 ಗೊಂಬೆಗಳಲ್ಲಿ ಜಾವಾ ಎಂಬ ಕುಳ್ಳನೂ ಒಬ್ಬ. ಅವನಿಗೆ ಮೊದಲು ತೊಡಿಸಿದ್ದು ತೆಳುವಾದ ವಿನೈಲ್ ಹೊದಿಕೆ. ಇತರ ಗೊಂಬೆಗಳಷ್ಟೇ ಬೆಲೆಯ ಈ ಕುಳ್ಳ ತೀರಾ ಅಗ್ಗದ ಮಾಲಿನಂತೆ ಕಂಡದ್ದರಿಂದ ಕೆನ್ನರ್ ಬೇಗನೆ ಬಟ್ಟೆಯ ನಿಲುವಂಗಿಗೆ ಬದಲಾಯಿಸಿತು.

ಸ್ನ್ಯಾಗಲ್‌ಟೂತ್ ಎಂಬ ಪಾತ್ರದ್ದು ಇನ್ನೂ ಸ್ವಾರಸ್ಯದ ಕಥೆ. ಚಿತ್ರದ ಮದ್ಯದಂಗಡಿಯ ದೃಶ್ಯದಲ್ಲಿ ಕ್ಷಣಮಾತ್ರ ಕಾಣುವ ಪಾತ್ರವದು. ಶಿಲ್ಪಿಗಳಿಗೆ ಸಿಕ್ಕಿದ್ದು ಸೊಂಟದಿಂದ ಮೇಲಷ್ಟೇ ಇದ್ದ ಕಪ್ಪು-ಬಿಳುಪು ಭಾವಚಿತ್ರ. ಎತ್ತರ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ಅವರು ಊಹೆಯ ಮೇಲೆ ನೀಲಿ ಉಡುಪು ತೊಡಿಸಿ, ಬೆಳ್ಳಿ ಬಣ್ಣದ ಬೂಟು ಹಾಕಿ, ಆಳೆತ್ತರದ ಗೊಂಬೆ ಮಾಡಿದರು. ಚಿತ್ರದಲ್ಲಿದ್ದ ಪಾತ್ರವೋ ಕೆಂಪು ಉಡುಪಿನ, ಬೂಟಿಲ್ಲದ ಕುಳ್ಳ! 1978ರಲ್ಲಿ ಸಿಯರ್ಸ್ ಮಳಿಗೆಗಳ ಆಟದ ಸೆಟ್ ಜೊತೆ ಈ ನೀಲಿ ಗೊಂಬೆ ಹೊರಬಂತು. ಆಮೇಲೆ ತಪ್ಪು ತಿಳಿದು, ಕೆಂಪು ಉಡುಪಿನ ಕುಳ್ಳನನ್ನು ತಯಾರಿಸಲಾಯಿತು.

ಮೂರನೆಯ ಪ್ರಸಂಗ ಮಾತ್ರ ನಗುವಂಥದ್ದಲ್ಲ. 1979ರಲ್ಲಿ ಕೆನ್ನರ್ ಮತ್ತೊಂದು ಆಮಿಷ ಒಡ್ಡಿತು. ನಾಲ್ಕು ಗೊಂಬೆ ಕೊಂಡ ಪುರಾವೆ ಕಳಿಸಿದರೆ, ಮುಂದಿನ ಚಿತ್ರದ ಬೊಬಾ ಫೆಟ್ ಎಂಬ ಹೊಸ ಪಾತ್ರ ಅಂಚೆಯಲ್ಲಿ ಬರುತ್ತದೆ. ಅವನ ಬೆನ್ನಿನಿಂದ ಪುಟ್ಟ ಕ್ಷಿಪಣಿ ಚಿಮ್ಮುತ್ತದೆ ಎಂಬುದು ಜಾಹೀರಾತು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆಯಿಂದ ದುರಂತ ನಡೆದಿತ್ತು. 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ಟಿವಿ ಧಾರಾವಾಹಿಯ ಆಟಿಕೆ ವಿಮಾನದ ಕ್ಷಿಪಣಿ ಗಂಟಲಲ್ಲಿ ಸಿಕ್ಕಿಕೊಂಡು ನಾಲ್ಕು ವರ್ಷದ ಬಾಲಕ ಸತ್ತಿದ್ದ. ಕೆನ್ನರ್ ಬೊಬಾ ಫೆಟ್‌ನ ಕ್ಷಿಪಣಿಯನ್ನು ಬೆನ್ನಿಗೇ ಅಂಟಿಸಿ, ಸುರಕ್ಷತೆಯ ಕಾರಣವನ್ನು ತಿಳಿಸುವ ಚೀಟಿಯೊಂದನ್ನು ಜೊತೆಗಿಟ್ಟು ಕಳಿಸಿತು.

ವಾರಗಟ್ಟಲೆ ಕಾದ ಹುಡುಗರಿಗೆ ಅದು ಭಾರೀ ನಿರಾಸೆ. ಆದರೆ ಚಿಕ್ಕ ಮಕ್ಕಳು ನುಂಗಬಹುದಾದ ಸಣ್ಣ ಬಿಡಿಭಾಗಗಳ ಬಗ್ಗೆ 1980ರಿಂದ ಅಮೆರಿಕದಲ್ಲಿ ಕಟ್ಟುನಿಟ್ಟಿನ ನಿಯಮವೇ ಜಾರಿಗೆ ಬಂತು. ಗೊಂಬೆಯ ಎಲ್ಲ ಕೊರತೆಯೂ ಕಂಪನಿಯ ಜಿಪುಣತನವಲ್ಲ. ಕೆಲವು ಕೊರತೆಗಳು ಯಾವುದೋ ಮನೆಯ ಮಗುವನ್ನು ಉಳಿಸಿರುತ್ತವೆ.

ಹಳೇ ಅಚ್ಚು, ಹೊಸ ಹೆಸರು

ಜಿಪುಣತನದ ಉದಾಹರಣೆಗಳಿಗೂ ಬರವಿಲ್ಲ. ಗೊಂಬೆ ತಯಾರಿಕೆಯಲ್ಲಿ ದುಬಾರಿಯಾದದ್ದು ಪ್ಲಾಸ್ಟಿಕ್ ಅಲ್ಲ, ಉಕ್ಕಿನ ಅಚ್ಚು. ಒಮ್ಮೆ ಅಚ್ಚು ಮಾಡಿಸಿದ ಮೇಲೆ ಲಕ್ಷಗಟ್ಟಲೆ ಗೊಂಬೆ ಎರೆದರಷ್ಟೇ ಹಾಕಿದ ಹಣ ಮರಳುತ್ತದೆ. ಸಿನಿಮಾದ ಬಿಸಿಯೋ ಕೆಲವೇ ವಾರ. ಚಿತ್ರ ಸೋತರೆ ಗೊಂಬೆಯೂ ಸೋಲುತ್ತದೆ. ಇಂಥ ಜೂಜಿನಲ್ಲಿ ಹಳೆಯ ಅಚ್ಚಿಗೇ ಹೊಸ ಬಣ್ಣ ಹಚ್ಚುವ ಆಸೆ ಹುಟ್ಟುವುದು ಸಹಜ.

1991ರಲ್ಲಿ ಕೆವಿನ್ ಕಾಸ್ಟ್ನರ್ ನಟಿಸಿದ 'ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್' ಚಿತ್ರಕ್ಕೆ ಕೆನ್ನರ್ ಮಾಡಿದ್ದೂ ಇದನ್ನೇ. ಚಿತ್ರದ ದಡೂತಿ ಸನ್ಯಾಸಿ ಫ್ರಯರ್ ಟಕ್‌ಗೆ, 'ಸ್ಟಾರ್ ವಾರ್ಸ್' ಸರಣಿಯ ಹಂದಿಮುಖದ ಕಾವಲುಗಾರನ ಮೈಯನ್ನೇ ಬಳಸಲಾಯಿತು. ಅದೇ ಸರಣಿಯ ಇವಾಕ್ ಎಂಬ ಕರಡಿಯಂಥ ಜೀವಿಗಳ ಮರದ ಮೇಲಿನ ಹಳ್ಳಿ, ರಾಬಿನ್ ಹುಡ್‌ನ ಶೆರ್ವುಡ್ ಕಾಡಿನ ಬಿಡಾರವಾಯಿತು. ಹಳೆಯ ಆಟಿಕೆಗಳನ್ನು ಅಟ್ಟದ ಮೇಲಿಟ್ಟಿದ್ದ ಅಣ್ಣಂದಿರು ತಮ್ಮಂದಿರ ಕೈಯಲ್ಲಿದ್ದುದನ್ನು ನೋಡಿದೊಡನೆ ಗುಟ್ಟು ರಟ್ಟಾಗುವಂತಿತ್ತು.

ಮರುವರ್ಷ 'ಬ್ಯಾಟ್‌ಮನ್ ರಿಟರ್ನ್ಸ್' ಬಂತು. ಟಿಮ್ ಬರ್ಟನ್ ನಿರ್ದೇಶನದ ಆ ಚಿತ್ರದಲ್ಲಿ ಡ್ಯಾನಿ ಡಿವಿಟೊ ಅವರ ಪೆಂಗ್ವಿನ್, ಬಿಳಿಚಿದ ಮುಖ, ಜೋತುಬಿದ್ದ ಕೂದಲು, ಈಜುರೆಕ್ಕೆಯಂಥ ಕೈಗಳ ವಿಕಾರ ರೂಪಿ. ಅಂಗಡಿಯಲ್ಲಿ ಸಿಕ್ಕಿದ ಪೆಂಗ್ವಿನ್ ಮಾತ್ರ ಎತ್ತರದ ಟೋಪಿ ಧರಿಸಿದ ಕಾಮಿಕ್ಸ್ ಪುಸ್ತಕದ ಠಾಕುಠೀಕಿನ ಗೃಹಸ್ಥ. ಎಂಬತ್ತರ ದಶಕದ 'ಸೂಪರ್ ಪವರ್ಸ್' ಸರಣಿಯ ಗೊಂಬೆಗೆ ಬಣ್ಣ ಬದಲಿಸಿ ಪೆಟ್ಟಿಗೆಗೆ ತುಂಬಲಾಗಿತ್ತು. ಪೆಟ್ಟಿಗೆಯ ಮೇಲಿನ ಹೆಸರು ಚಿತ್ರದ್ದು, ಒಳಗಿನ ಆಸಾಮಿಯೇ ಬೇರೆ.

ಅಚ್ಚುಗಳು ದೇಶದಿಂದ ದೇಶಕ್ಕೂ ಪ್ರಯಾಣ ಮಾಡುತ್ತವೆ. ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೊ ಸೇರಿ ಕಟ್ಟಿದ ಫನ್‌ಸ್ಕೂಲ್ ಕಂಪನಿ ಭಾರತದಲ್ಲಿ ಜಿ.ಐ. ಜೋ ಗೊಂಬೆಗಳನ್ನು ತಯಾರಿಸಿತು. ಇಲ್ಲಿನ ಗೊಂಬೆಗಳ ಬಣ್ಣಗಳು ಎಷ್ಟೋ ಸಲ ಅಮೆರಿಕದ ಮೂಲಕ್ಕಿಂತ ಬೇರೆಯಾಗಿರುತ್ತಿದ್ದವು. ಮುಂದೆ ಅಮೆರಿಕದ ಸಂಗ್ರಾಹಕರು ಅದೇ ಕಾರಣಕ್ಕೆ ಅವನ್ನು ಹುಡುಕಿ ತರಿಸಿಕೊಳ್ಳತೊಡಗಿದರು.

ಬೆಳೆದ ಮಕ್ಕಳ ದೂರು

ಎಂಬತ್ತರ ದಶಕದ ನಡುವೆ 'ಸ್ಟಾರ್ ವಾರ್ಸ್' ಗೊಂಬೆಗಳ ತಯಾರಿಕೆ ನಿಂತಿತು. ಕೆನ್ನರ್ ಕೈಬದಲಾಗಿ 1991ರಲ್ಲಿ ಹ್ಯಾಸ್‌ಬ್ರೊ ಪಾಲಾಯಿತು. ಸುಮಾರು ಹತ್ತು ವರ್ಷಗಳ ಬಳಿಕ, 1995ರಲ್ಲಿ, ಗೊಂಬೆಗಳು ಮತ್ತೆ ಅಂಗಡಿಗೆ ಬಂದಾಗ ಸಾಲಿನಲ್ಲಿ ನಿಂತವರಲ್ಲಿ ಮಕ್ಕಳಷ್ಟೇ ಇರಲಿಲ್ಲ. 1977ರ ಮಕ್ಕಳು ಈಗ ಸಂಬಳ ತರುವ ಗಂಡಸರು, ಹೆಂಗಸರು ಆಗಿದ್ದರು.

ಪೆಟ್ಟಿಗೆ ಬಿಚ್ಚಿದವರು ದಂಗಾದರು. ತೆಳ್ಳಗಿನ ಹಳ್ಳಿ ಹುಡುಗ ಲ್ಯೂಕ್ ಸ್ಕೈವಾಕರ್ ಗರಡಿಯ ಪೈಲ್ವಾನನಂತೆ ಎದೆಯುಬ್ಬಿಸಿ ನಿಂತಿದ್ದ. ಅವನ ಕೈಯಲ್ಲಿನ ಬೆಳಕಿನ ಕತ್ತಿ ಹೆಚ್ಚುಕಡಿಮೆ ಅವನಷ್ಟೇ ಉದ್ದ. ನಟಿ ಕ್ಯಾರಿ ಫಿಶರ್ ನಿರ್ವಹಿಸಿದ್ದ ರಾಜಕುಮಾರಿ ಲೀಯಾಳ ಗೊಂಬೆಯ ಮುಖವಂತೂ ಅಭಿಮಾನಿಗಳ ಬಾಯಲ್ಲಿ 'ಮಂಗನ ಮುಖದ ಲೀಯಾ' ಎಂಬ ಅಡ್ಡಹೆಸರನ್ನೇ ಪಡೆಯಿತು. ಮಾಂಸಖಂಡ ಮೆರೆಸುವ ಗೊಂಬೆಗಳು ಆ ಕಾಲದ ಫ್ಯಾಷನ್. ಅದೇ ಅಳತೆಯನ್ನು ಇವುಗಳಿಗೂ ಹಾಕಲಾಗಿತ್ತು.

ಹದಿನೆಂಟು ವರ್ಷಗಳಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ವಿಡಿಯೊ ಕ್ಯಾಸೆಟ್ಟು ಮನೆಗೆ ಬಂದಿತ್ತು. ಅಭಿಮಾನಿ ಈಗ ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೋಡಿಸಿ, ಅಂಗಿಯ ಗುಂಡಿಯನ್ನೂ ಎಣಿಸಬಲ್ಲವನಾಗಿದ್ದ. ನೆನಪಿನಿಂದ ತುಂಬಿಕೊಳ್ಳುವ ಕಾಲ ಮುಗಿದು, ಪಕ್ಕದಲ್ಲಿಟ್ಟು ಹೋಲಿಸುವ ಕಾಲ ಬಂದಿತ್ತು. ಗೊಂಬೆಗಳು ಚೆನ್ನಾಗಿಯೇ ಮಾರಾಟವಾದವು ನಿಜ; ಆದರೆ ದೂರುಗಳೂ ಕಂಪನಿಗೆ ಮುಟ್ಟಿದವು. ಕತ್ತಿಯ ಉದ್ದ ಕಡಿಮೆಯಾಯಿತು, ಮುಂದಿನ ವರ್ಷಗಳಲ್ಲಿ ಮೈಕಟ್ಟು ಇಳಿಯಿತು, ಲೀಯಾಳಿಗೂ ಬೇರೆ ಮುಖ ಬಂತು.

ಇದೇ ಹೊತ್ತಿಗೆ ಕಾಮಿಕ್ಸ್ ಕಲಾವಿದ ಟಾಡ್ ಮೆಕ್‌ಫಾರ್ಲೇನ್ 1994ರಲ್ಲಿ ತಮ್ಮದೇ ಕಂಪನಿ ತೆರೆದು, ಸೂಕ್ಷ್ಮ ಕೆತ್ತನೆಯ ಗೊಂಬೆಗಳನ್ನು ಸಾಧಾರಣ ಅಂಗಡಿಗಳಿಗೇ ತಂದರು. ಅಗ್ಗದ ಗೊಂಬೆ ಒರಟಾಗಿಯೇ ಇರಬೇಕು ಎಂಬ ಸಬೂಬು ಆಮೇಲೆ ನಡೆಯಲಿಲ್ಲ. ಆದರೂ ಮುಖದ ಸಮಸ್ಯೆ ಬಹುಕಾಲ ಉಳಿಯಿತು. ಕಾರ್ಖಾನೆಯಲ್ಲಿ ಕಣ್ಣು, ಹುಬ್ಬು, ತುಟಿಗಳನ್ನು ಒಂದೊಂದಾಗಿ ಒತ್ತಿ ಮುದ್ರಿಸುವಾಗ ಕೂದಲೆಳೆಯಷ್ಟು ಜರುಗಿದರೂ ನಾಯಕ ಮೆಳ್ಳೆಗಣ್ಣನಾಗುತ್ತಾನೆ. 2018ರ ಸುಮಾರಿಗೆ ಹ್ಯಾಸ್‌ಬ್ರೊ, ನಟರ ಮುಖಲಕ್ಷಣವನ್ನು ಕಂಪ್ಯೂಟರ್ ಸಹಾಯದಿಂದ ನೇರವಾಗಿ ಗೊಂಬೆಯ ಮೇಲೆ ಮುದ್ರಿಸುವ ವಿಧಾನವನ್ನು ವ್ಯಾಪಕವಾಗಿ ಬಳಸತೊಡಗಿದ ಮೇಲೆ ಈ ದೂರು ಬಹುಮಟ್ಟಿಗೆ ತಗ್ಗಿತು.

ಕಾಣೆಯಾದ ನಾಯಕಿ

2015ರಲ್ಲಿ ಬಂದ ದೂರು ಬೇರೆಯೇ ಬಗೆಯದು. ಆ ವರ್ಷದ 'ಅವೆಂಜರ್ಸ್: ಏಜ್ ಆಫ್ ಅಲ್ಟ್ರಾನ್' ಚಿತ್ರದಲ್ಲಿ, ವಿಮಾನದಿಂದ ಮೋಟಾರ್ ಸೈಕಲ್ ಸಮೇತ ಧುಮುಕುವವಳು ಬ್ಲ್ಯಾಕ್ ವಿಡೋ. ಆ ದೃಶ್ಯದ ಆಟಿಕೆಯಲ್ಲಿ ಬೈಕಿನ ಮೇಲೆ ಕುಳಿತಿದ್ದವನು ಕ್ಯಾಪ್ಟನ್ ಅಮೆರಿಕ! ಡಿಸೆಂಬರಿನಲ್ಲಿ 'ಸ್ಟಾರ್ ವಾರ್ಸ್: ದ ಫೋರ್ಸ್ ಅವೇಕನ್ಸ್' ಬಿಡುಗಡೆಯಾಯಿತು. ಅದರ ಕೇಂದ್ರ ಪಾತ್ರ ರೇ ಎಂಬ ಯುವತಿ. ಆದರೆ ಚಿತ್ರದ ಹೆಸರಿನಲ್ಲಿ ಬಂದ ಮೊನೊಪಲಿ ಆಟದ ನಾಲ್ಕು ಕಾಯಿಗಳಲ್ಲಿ ಅವಳಿರಲಿಲ್ಲ. ಫಿನ್, ಕೈಲೊ ರೆನ್, ಲ್ಯೂಕ್ ಮತ್ತು ಡಾರ್ತ್ ವೇಡರ್ ಇದ್ದರು. ಹಲವು ಗೊಂಬೆಗಳಿದ್ದ ಕೆಲವು ಪೆಟ್ಟಿಗೆಗಳಲ್ಲೂ ಅವಳಿಗೆ ಜಾಗವಿರಲಿಲ್ಲ.

'ರೇ ಎಲ್ಲಿ?' ಎಂಬ ಪ್ರಶ್ನೆ ಲೋಕದ ಉದ್ದಗಲಕ್ಕೂ ಹಬ್ಬಿತು. ಎಂಟು ವರ್ಷದ ಬಾಲಕಿಯೊಬ್ಬಳು ಕಂಪನಿಗೆ ಬರೆದ ಪತ್ರ ಸುದ್ದಿಯಾಯಿತು. ಕಥೆಯ ಗುಟ್ಟು ಬಯಲಾಗದಿರಲೆಂದು ಹೀಗೆ ಮಾಡಿದೆವು ಎಂಬುದು ಕಂಪನಿಯ ಸಮಜಾಯಿಷಿ. ಬಳಿಕ ರೇ ಇರುವ ಆಟವನ್ನು ತರುವುದಾಗಿ ಅದು 2016ರ ಜನವರಿಯಲ್ಲಿ ಪ್ರಕಟಿಸಿತು. ಗಂಡುಹುಡುಗರು ಮುಟ್ಟುವುದಿಲ್ಲವೆಂದು ಗೊಂಬೆಯ ಹೆಸರನ್ನೇ ಬದಲಿಸಿದ 1964ರ ಅಳುಕು, ಐವತ್ತು ವರ್ಷ ಕಳೆದರೂ ಪೂರ್ತಿ ಹೋಗಿರಲಿಲ್ಲ.

ಕಾಲದ ವ್ಯಂಗ್ಯವೆಂದರೆ, ಅಂದು ಬೇಡವಾದ ಗೊಂಬೆಗಳಿಗೇ ಇಂದು ಬೆಲೆ. ತಪ್ಪಾಗಿ ತಯಾರಾದ ನೀಲಿ ಸ್ನ್ಯಾಗಲ್‌ಟೂತ್, ಅಗ್ಗವಾಗಿ ಕಂಡ ವಿನೈಲ್ ಹೊದಿಕೆಯ ಜಾವಾ, ಎರಡೂ ಸಂಗ್ರಾಹಕರು ಹುಡುಕಾಡುವ ವಸ್ತುಗಳು. ಮಕ್ಕಳ ಕೈಗೆ ಎಂದೂ ತಲುಪದ, ಕ್ಷಿಪಣಿ ಚಿಮ್ಮುವ ಬೊಬಾ ಫೆಟ್‌ನ ಮೂಲ ಮಾದರಿಯೊಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು.

ಆದರೆ ಹರಾಜಿನ ಬೆಲೆ ಹಳೆಯ ನಿರಾಸೆಗೆ ಪರಿಹಾರವಲ್ಲ. ಗೊಂಬೆ ಕೊಂಡವರಲ್ಲಿ ಹೆಚ್ಚಿನವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಲಿಲ್ಲ. ಬಿಚ್ಚಿ, ಮಣ್ಣಿನಲ್ಲಿ ಹೊರಳಾಡಿಸಿ ಆಡಿದರು. ಅವರು ಕೇಳಿದ್ದು ಪರದೆಯ ಮೇಲೆ ಮೆಚ್ಚಿದ ಮುಖವನ್ನು, ಪೆಟ್ಟಿಗೆಯ ಮೇಲೆ ಬರೆದ ಹೆಸರಿಗೆ ತಕ್ಕ ಗೊಂಬೆಯನ್ನು. 1977ರ ಮಕ್ಕಳು ಬರೀ ಕಾಗದವನ್ನು ನಂಬಿ ತಿಂಗಳುಗಟ್ಟಲೆ ಕಾದಿದ್ದರು. ಅಷ್ಟು ನಂಬಿಕೆ ಇಟ್ಟವರಿಗೆ ಒಂದು ಸರಿಯಾದ ಮುಖ ಕೆತ್ತಿಕೊಡುವುದು ದೊಡ್ಡ ಬೇಡಿಕೆಯೇನೂ ಆಗಿರಲಿಲ್ಲ.